ಹಡಗು ಹತ್ತುವ ಮುನ್ನ ಕಂಡ ಗೋಪುರಗಳು

ಗೊಟ್ಟಿಗೆರೆಯ ನಮ್ಮ ಮನೆಯ ತಾರಸಿಯ ಮೇಲೆ ಮೂಲೆ ಮೂಲೆಗೂ ಕಬ್ಬಿಣದ ಕಂಬಿಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. 2005ರಲ್ಲಿ, ಈ ಊರು ಇನ್ನೂ ಮಹಾನಗರ ಪಾಲಿಕೆಗೆ ಸೇರದೆ ಪಂಚಾಯಿತಿಯ ಸುಪರ್ದಿನಲ್ಲಿದ್ದಾಗ, ಮುಂದೆಂದಾದರೂ ಕೈ ಸಡಿಲವಾದರೆ ಮೇಲೊಂದು ಮಹಡಿ ಎಬ್ಬಿಸೋಣವೆಂಬ ಆಸೆಯಿಂದ ಬಿಟ್ಟ ಕಂಬಿಗಳು ಅವು. ಬೆಳಗಿನ ವಾಯುವಿಹಾರದ ಮಿತ್ರರು ಅವುಗಳತ್ತ ಕೈ ತೋರಿಸಿ, "ಮೇಷ್ಟ್ರೇ, ಮಹಡಿ ಯಾವಾಗ?" ಎಂದು ಕೇಳುವುದುಂಟು. 2019ರವರೆಗೆ ನಾನು ಪೆಚ್ಚು ನಗೆ ನಕ್ಕು ಮುಂದೆ ಸಾಗುತ್ತಿದ್ದೆ. ಆಮೇಲೆ ನನಗೊಂದು ಉತ್ತರ ದೊರಕಿತು: "ಕಲೋನಿನ ಚರ್ಚು ಮುಗಿಯಲು 632 ವರ್ಷ ಹಿಡಿಯಿತು ಸ್ವಾಮಿ, ನನ್ನದೇನು ಮಹಾ!" ಆ ಉತ್ತರ ನನಗೆ ಸಿಕ್ಕಿದ ಬಗೆಯನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ. ಮೊದಲಿಗೆ ಇದೊಂದು ಪ್ರವಾಸಕಥನವೆಂದೇ ತಿಳಿದಿದ್ದೆ; ಬರೆಯಲು ಕುಳಿತಾಗ ಇದು ಬೇರೆಯೇ ಆದ ಒಂದು ಲೆಕ್ಕದ ವಿಚಾರವೆಂದು ತೋರಿತು.

ನಮ್ಮ ಮದುವೆಯಾಗಿ 2019ಕ್ಕೆ ನಲವತ್ತು ವರ್ಷ ತುಂಬಿತು. ಜರ್ಮನಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಗ, ಅಪ್ಪ-ಅಮ್ಮನನ್ನು ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿಗಳ ಹಡಗು ಪ್ರವಾಸಕ್ಕೆ ಕರೆದೊಯ್ಯುವುದಾಗಿ ಹಟ ಹಿಡಿದ. ಹಡಗು ಹೊರಡುವುದು ಸ್ಪೇನಿನ ಬಾರ್ಸಿಲೋನಾದಿಂದ. ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ಕಲೋನ್, ಪ್ಯಾರಿಸ್, ಬಾರ್ಸಿಲೋನಾಗಳ ಚರ್ಚುಗಳನ್ನು ತೋರಿಸುತ್ತೇನೆಂದ. ಶ್ರೀಮತಿಯವರು ಚಟ್ನಿಪುಡಿ, ಹುಳಿಯವಲಕ್ಕಿ, ನಿಪ್ಪಟ್ಟುಗಳನ್ನು ಕಟ್ಟಿಕೊಂಡರು. ನಾನು ಮಂಕಿ ಟೋಪಿಯನ್ನು ಹುಡುಕಿಟ್ಟುಕೊಂಡೆ. ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕಾಮಗಾರಿಯ ಧೂಳನ್ನು ಸೀಳಿಕೊಂಡು ಮೇ ತಿಂಗಳ ಕೊನೆಯ ಒಂದು ರಾತ್ರಿ ವಿಮಾನ ನಿಲ್ದಾಣದ ಹಾದಿ ಹಿಡಿದೆವು.

ಕಲೋನ್ ಎಂಬ ಹೆಸರು ನನಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿ ಡಿಸೆಂಬರಿನಲ್ಲೂ ಮಕ್ಕಳನ್ನು ಕೆಂಪು ಬಸ್ಸಿನಲ್ಲಿ ತುಂಬಿಕೊಂಡು ಮೈಸೂರಿಗೆ ಹೋಗುವುದು ವಾಡಿಕೆ. ಶ್ರೀರಂಗಪಟ್ಟಣ, ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚು, ಸಂಜೆಗೆ ಬೃಂದಾವನ. ಈ ಕ್ರಮ ತಪ್ಪಿದ್ದೇ ಇಲ್ಲ. ಚರ್ಚಿನ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾನು ಒಪ್ಪಿಸುತ್ತಿದ್ದ ಪಾಠ ಇಂದಿಗೂ ಬಾಯಿಪಾಠವಾಗಿದೆ: ಇಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ, 1843ರಲ್ಲಿ, ಒಂದು ಚರ್ಚು ಇತ್ತು, ಈಗಿನ ಕಟ್ಟಡಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು, ಅವಳಿ ಗೋಪುರಗಳ ಎತ್ತರ 175 ಅಡಿ, ಜರ್ಮನಿಯ ಕಲೋನ್ ನಗರದ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು. ಇಷ್ಟು ಹೇಳಿ, ನೆಲಮಾಳಿಗೆಯಲ್ಲಿರುವ ಸಂತಳ ಪ್ರತಿಮೆಯನ್ನು ತೋರಿಸಿ, ಇಕ್ಕಟ್ಟಾದ ಮೊಗಸಾಲೆಯಲ್ಲಿ ಹುಡುಗರು ಕೂಗಾಡದಂತೆ ಗದರಿಸುತ್ತ ಹೊರಗೆ ಬಂದರೆ ನನ್ನ ಕರ್ತವ್ಯ ಮುಗಿಯಿತು. ಕಲೋನ್ ಎಲ್ಲಿದೆ, ಹೇಗಿದೆ ಎಂದು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಗೊತ್ತಿರಲಿಲ್ಲ.

ಕೇಳಿದವನು ಒಬ್ಬನಿದ್ದ ಎಂಬುದು ಆಮೇಲೆ ನೆನಪಾಯಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕಲೋನಿನ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಥೆಡ್ರಲ್. ಬಿಷಪ್ಪರ ಪೀಠವಿರುವ ಚರ್ಚಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಮ್ಮ ಮೈಸೂರಿನದೂ ಆ ಅರ್ಥದಲ್ಲಿ ಕೆಥೆಡ್ರಲ್ಲೇ. ಆದರೆ ಹೋಲಿಕೆ ನಾನು ಎಣಿಸಿದಂತಿರಲಿಲ್ಲ. ಮಸಿ ಹಿಡಿದ ಬಂಡೆಯೊಂದು ಕುಸುರಿ ಕೆಲಸ ಮಾಡಿಸಿಕೊಂಡು ಮುಗಿಲಿಗೆ ಏರಿದಂತಿದ್ದ ಆ ಗೋಪುರಗಳ ಎತ್ತರ 157 ಮೀಟರ್, ಅಂದರೆ ಸುಮಾರು 515 ಅಡಿ. ಮೈಸೂರಿನ ಗೋಪುರವನ್ನು ಒಂದರ ಮೇಲೊಂದರಂತೆ ಮೂರು ಸಲ ಇಟ್ಟರೆ ಇದಕ್ಕಿಂತ ಹತ್ತು ಅಡಿ ಹೆಚ್ಚಾಗುತ್ತದೆ, ಅಷ್ಟೆ. ಮೂವತ್ತು ವರ್ಷ 'ಮಾದರಿ' ಎಂಬ ಒಂದೇ ಪದದಲ್ಲಿ ಇದನ್ನು ಮುಗಿಸಿಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಬಾಗಿಲ ಬಳಿ ಎರಡು ಪ್ರಸಂಗಗಳು ನಡೆದವು. ಶ್ರೀಮತಿಯವರು ಅಭ್ಯಾಸಬಲದಿಂದ ಚಪ್ಪಲಿ ಕಳಚಿದರು. ಸೊಸೆ ಗಾಬರಿಯಾಗಿ, "ಅತ್ತೆ, ಇಲ್ಲಿ ಚಪ್ಪಲಿ ಬಿಡೋ ಪದ್ಧತಿ ಇಲ್ಲ" ಎಂದಳು. "ಅವರ ಪದ್ಧತಿ ಇಲ್ಲದಿದ್ದರೆ ಏನಾಯ್ತಮ್ಮ, ನಮ್ಮದು ಇದೆಯಲ್ಲ" ಎಂದು ಇವರು ಚಪ್ಪಲಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಚೀಲಕ್ಕೆ ಸೇರಿಸಿ ತಣ್ಣನೆಯ ಕಲ್ಲಿನ ಮೇಲೆ ಕಾಲುಚೀಲದಲ್ಲಿಯೇ ನಡೆದರು. ಕೆಂಪು ನಿಲುವಂಗಿ ತೊಟ್ಟ ದ್ವಾರಪಾಲಕರೊಬ್ಬರು ಅವರನ್ನು ನೋಡಿ ಸುಮ್ಮನಿದ್ದರು. ಆದರೆ ನನ್ನತ್ತ ತಿರುಗಿ ತಲೆಯನ್ನು ಮುಟ್ಟಿಕೊಂಡು ಸನ್ನೆ ಮಾಡಿದರು. ಗಂಡಸರು ಅಲ್ಲಿ ಟೋಪಿ ತೆಗೆಯಬೇಕು. ಮಂಕಿ ಟೋಪಿ ಕಿಸೆ ಸೇರಿತು. ದೇವರ ಮನೆಗೆ ಹೋಗುವಾಗ ಏನನ್ನಾದರೂ ಕಳಚಲೇಬೇಕೆಂಬುದು ಎಲ್ಲ ಕಡೆಯೂ ಇರುವ ನಿಯಮವೆಂದು ಕಾಣುತ್ತದೆ.

ಈ ಕೆಥೆಡ್ರಲ್ಲಿಗೆ ಅಡಿಗಲ್ಲು ಬಿದ್ದದ್ದು 1248ರಲ್ಲಿ. ನಮ್ಮ ಸೋಮನಾಥಪುರದ ಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1258ರಲ್ಲಿ. ಹೊಯ್ಸಳ ದಂಡನಾಯಕ ಸೋಮನಾಥನ ಶಿಲ್ಪಿಗಳು ಉಳಿ ಹಿಡಿದಿದ್ದ ಹೊತ್ತಿನಲ್ಲಿಯೇ ಇವರೂ ಕಲ್ಲು ಕಡೆಯಲು ಆರಂಭಿಸಿದರು. ಏಸುವಿನ ಜನನಕಾಲದಲ್ಲಿ ನಕ್ಷತ್ರವನ್ನು ಅನುಸರಿಸಿ ಬಂದ ಮೂವರು ಜ್ಞಾನಿಗಳ ಅಸ್ಥಿಗಳೆಂದು ನಂಬಿದ್ದನ್ನು 1164ರಲ್ಲಿ ಮಿಲಾನಿನಿಂದ ಇಲ್ಲಿಗೆ ತಂದಿದ್ದರು; ಆ ಚಿನ್ನದ ಪೆಟ್ಟಿಗೆಗೆ ತಕ್ಕ ಮನೆಯಾಗಿ ಈ ಚರ್ಚು. ಗರ್ಭಗುಡಿಯ ಭಾಗ 1322ರಲ್ಲಿ ಪವಿತ್ರೀಕರಣಗೊಂಡಿತು. ಬಳಿಕ ಕೆಲಸ ಕುಂಟುತ್ತ ಸಾಗಿ, 1560ರ ಹೊತ್ತಿಗೆ ಪೂರ್ತಿ ನಿಂತುಹೋಯಿತು. ದಕ್ಷಿಣದ ಗೋಪುರದ ಮೋಟು ತುದಿಯಲ್ಲಿ ಕಲ್ಲೆತ್ತುವ ಮರದ ಕ್ರೇನು ಸುಮಾರು ನಾನೂರು ವರ್ಷ ಹಾಗೆಯೇ ನಿಂತಿತ್ತಂತೆ. ತಲೆಮಾರುಗಳು ಹುಟ್ಟಿ ಸತ್ತವು. ಕ್ರೇನು ಮಾತ್ರ ಊರಿನ ಗುರುತೇ ಆಗಿಬಿಟ್ಟಿತು. ನನಗೆ ತಕ್ಷಣ ನಮ್ಮ ತಾರಸಿಯ ಕಂಬಿಗಳು ನೆನಪಾದವು.

"ಮತ್ತೆ ಹೇಗಪ್ಪ ಮುಗಿಸಿದರು?" ಎಂದು ಮಗನನ್ನು ಕೇಳಿದೆ. ಶಾಲೆಯಲ್ಲಿ ನಾನು ಹೇಳುತ್ತಿದ್ದೆ, ಅವನು ಕೇಳುತ್ತಿದ್ದ; ಈಗ ಪಾತ್ರಗಳು ಅದಲುಬದಲಾಗಿದ್ದವು.

"ಚಿತ್ರ ಸಿಕ್ತು ಅಪ್ಪ" ಎಂದ ಮಗ. ಮುಂಭಾಗದ ಗೋಪುರಗಳು ಹೇಗಿರಬೇಕೆಂದು ಹದಿಮೂರನೆಯ ಶತಮಾನದಲ್ಲಿ ಚರ್ಮದ ಹಾಳೆಯ ಮೇಲೆ ಒಂದು ನಕ್ಷೆ ಬರೆದಿದ್ದರು. ನಾಲ್ಕು ಮೀಟರಿಗೂ ಮಿಕ್ಕಿ ಎತ್ತರದ ನಕ್ಷೆ. ನೆಪೋಲಿಯನ್ ಕಾಲದ ಗಲಭೆಯಲ್ಲಿ ಅದು ಎರಡು ತುಂಡಾಗಿ ಕಣ್ಮರೆಯಾಗಿತ್ತು. 1814ರಲ್ಲಿ ಅರ್ಧ ಭಾಗ ಡಾರ್ಮ್‌ಸ್ಟಾಟ್ ಎಂಬ ಊರಿನ ಒಂದು ಛತ್ರದ ಅಟ್ಟದಲ್ಲಿ ಸಿಕ್ಕಿತು. ಅದರ ಮೇಲೆ ಕಾಳು ಒಣಗಿಸುತ್ತಿದ್ದರೆಂದು ಪ್ರತೀತಿ. ಇನ್ನರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ದೊರೆಯಿತು. ಎರಡನ್ನೂ ಜೋಡಿಸಿ, 1842ರಲ್ಲಿ ಕೆಲಸ ಮತ್ತೆ ಆರಂಭಿಸಿ, 1880ರಲ್ಲಿ ಮುಗಿಸಿದರು. ಮುಂದಿನ ನಾಲ್ಕು ವರ್ಷ ಇದು ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಹದಿನಾಲ್ಕು ಬಾಂಬುಗಳು ತಗುಲಿದರೂ, ಸುತ್ತಲಿನ ಊರೆಲ್ಲ ನೆಲಸಮವಾದರೂ, ಇದು ನಿಂತಿತು.

ಈ ವಿಷಯಗಳನ್ನೆಲ್ಲ ಅವನು ಹೇಳುತ್ತಿದ್ದ ರೀತಿಯಲ್ಲಿ ನನಗೆ ಅಪರಿಚಿತವಾದ ಒಂದು ಉತ್ಸಾಹವಿತ್ತು. ಕಮಾನು ಗುಂಡಗಿರುವ ಬದಲು ಚೂಪಾಗಿದ್ದರೆ ಭಾರ ಪಕ್ಕಕ್ಕೆ ನೂಕುವುದು ಕಡಿಮೆಯಾಗಿ ಕೆಳಕ್ಕೆ ಇಳಿಯುತ್ತದೆಂದೂ, ಉಳಿದ ನೂಕನ್ನು ಹೊರಗಿನ ಊರುಗೋಲಿನಂತಹ ಅರೆಗಮಾನುಗಳು ಹೊತ್ತು ನೆಲಕ್ಕೆ ದಾಟಿಸುತ್ತವೆಂದೂ, ಹಾಗಾಗಿ ಗೋಡೆಗೆ ಭಾರ ಹೊರುವ ಕೆಲಸವೇ ಇಲ್ಲದೆ ಅಲ್ಲಿ ಬಣ್ಣದ ಗಾಜು ಕೂರಿಸಲು ಸಾಧ್ಯವಾಯಿತೆಂದೂ ಗಾಳಿಯಲ್ಲಿ ಬೆರಳಾಡಿಸುತ್ತ ವಿವರಿಸಿದ. ಪಕ್ಕದಲ್ಲಿದ್ದ ಮೊಮ್ಮಗಳು, "ತಾತ, ಅಪ್ಪ ಪ್ರತಿ ಸಲಾನೂ ಇದನ್ನೇ ಹೇಳ್ತಾರೆ" ಎಂದು ಆಕಳಿಸಿದಳು. ಪ್ರತಿ ಸಲವೂ ಎಂದರೆ? ಬಿಡುವಾದ ಭಾನುವಾರಗಳಲ್ಲಿ ಅವನು ಇಲ್ಲಿಗೆ ಬಂದು ಕುಳಿತು ಪೆನ್ಸಿಲಿನಿಂದ ಚಿತ್ರ ಬರೆಯುತ್ತಾನೆಂದು ಸೊಸೆ ತಿಳಿಸಿದಳು. ಹತ್ತು ವರ್ಷದಿಂದ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುವ ಮಗ. ನನಗೆ ಈ ಸಂಗತಿ ಗೊತ್ತಿರಲಿಲ್ಲ.

ಗೋಪುರಕ್ಕೆ 533 ಮೆಟ್ಟಿಲು. ಹೆಂಗಸರು ಕೆಳಗೆ ಉಳಿದರು. ನಾನೂ ಮಗನೂ ಹತ್ತಿದೆವು. ಬಸವನಹುಳುವಿನ ಚಿಪ್ಪಿನಂತೆ ಸುತ್ತುವ ಕಲ್ಲಿನ ಮೆಟ್ಟಿಲು. ಹತ್ತುವವರೂ ಇಳಿಯುವವರೂ ಅದರಲ್ಲೇ. ಅರ್ಧ ದಾರಿಗೆ ಗಂಟೆಗಳಿರುವ ಕೋಣೆ ಸಿಗುತ್ತದೆ. 1923ರಲ್ಲಿ ಎರಕ ಹೊಯ್ದ, 24 ಟನ್ ತೂಕದ ಸಂತ ಪೀಟರನ ಗಂಟೆಯ ಮುಂದೆ ಉಸಿರು ಕಟ್ಟಿ ನಿಂತುಕೊಂಡೆ. ಅಲ್ಲಿ, ಏದುಸಿರಿನ ನಡುವೆ, 1996ರ ಡಿಸೆಂಬರ್ ಧುತ್ತೆಂದು ಕಣ್ಣ ಮುಂದೆ ಬಂದು ನಿಂತಿತು.

ಆ ವರ್ಷ ಮಗ ನನ್ನದೇ ಶಾಲೆಯಲ್ಲಿ ಹತ್ತನೆಯ ತರಗತಿ. ಮೈಸೂರಿನ ಚರ್ಚಿನ ಮುಂದೆ ಎಲ್ಲರೂ ಬಸ್ಸು ಹತ್ತಿದರೂ ಇವನು ಬಂದಿರಲಿಲ್ಲ. ಹುಡುಕಿದರೆ, ಕಟ್ಟೆಯೊಂದರ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಗೋಪುರದ ಚಿತ್ರ ಬರೆಯುತ್ತಿದ್ದ. "ಸರ್, ಕಲೋನಿನದು ಇದಕ್ಕಿಂತ ಎಷ್ಟು ಎತ್ತರ ಇದೆ?" ಎಂದು ಕೇಳಿದ. ಶಾಲೆಯಲ್ಲಿ ನನ್ನನ್ನು ಅವನೂ 'ಸರ್' ಎಂದೇ ಕರೆಯಬೇಕೆಂಬುದು ನನ್ನ ಕಟ್ಟಪ್ಪಣೆ. ಉತ್ತರ ಗೊತ್ತಿಲ್ಲದ ಮೇಷ್ಟ್ರಿಗೆ ಬರುವ ಕೋಪ ಓದುಗರಿಗೆ ತಿಳಿದದ್ದೇ. ಮೇಲಾಗಿ ಮೇಷ್ಟ್ರ ಮಗನೇ ತಡಮಾಡಿದನೆಂಬ ಮುಜುಗರ. ಮಕ್ಕಳೆಲ್ಲ ಬಸ್ಸಿನ ಕಿಟಕಿಯಿಂದ ನೋಡುತ್ತಿರುವಂತೆಯೇ ಹಾಳೆಯನ್ನು ಕಿತ್ತುಕೊಂಡು, "ಪಬ್ಲಿಕ್ ಪರೀಕ್ಷೆ ಮೂರು ತಿಂಗಳಿದೆ, ಗೋಪುರ ಬರೆದರೆ ಅನ್ನ ಹುಟ್ಟುತ್ತದೆಯೇನೋ?" ಎಂದು ಗದರಿಸಿದೆ. 1999ರಲ್ಲಿ ಪಿಯುಸಿ ಮುಗಿದಾಗ ಅವನು ಒಂದೇ ಒಂದು ಸಲ, ತಾಯಿಯ ಮೂಲಕ, ಆರ್ಕಿಟೆಕ್ಚರ್ ಓದುವ ಆಸೆಯನ್ನು ತಿಳಿಸಿದ. "ಮನೆ ಕಟ್ಟಲು ಮೇಸ್ತ್ರಿ ಸಾಕು, ಓದು ಬೇಡ" ಎಂದು ನಾನು ಹೇಳಿದೆ. ಆ ಮಾತು ಅಲ್ಲಿಗೆ ಮುಗಿಯಿತು. ಇಂಜಿನಿಯರಿಂಗ್, ಕಂಪ್ಯೂಟರು, ಕೆಲಸ, ವಿದೇಶ ಎಲ್ಲವೂ ಸಾಲಾಗಿ ಆದವು. ನಾನು ಗೆದ್ದೆನೆಂದೇ ಭಾವಿಸಿದ್ದೆ.

"ನಿನ್ನನ್ನು ಅದಕ್ಕೇ ಓದಿಸಬೇಕಿತ್ತೇನೋ ಕಣೋ" ಎಂದೆ, ಗಂಟೆಯ ಕಡೆ ಮುಖ ಮಾಡಿಕೊಂಡು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಿಡಪ್ಪ, ಆಗ ನಮ್ಮ ಮನೇಲಿ ಇದ್ದ ಕಷ್ಟಕ್ಕೆ ನೀನು ಹೇಳಿದ್ದೂ ಸರಿಯೇ" ಎಂದ. ಆಮೇಲೆ, "ಆದರೆ ಆ ಹಾಳೆ ವಾಪಸ್ಸು ಕೊಡಬಹುದಿತ್ತು" ಎಂದು ನಕ್ಕ. ನಕ್ಕದ್ದು ನಿಜ, ಆದರೆ ಇಪ್ಪತ್ತೆರಡು ವರ್ಷ ಒಂದು ಹಾಳೆಯನ್ನು ನೆನಪಿಟ್ಟುಕೊಂಡವನ ನಗೆ ಅದು. ಉಳಿದ ಮೆಟ್ಟಿಲುಗಳನ್ನು ಮಾತಿಲ್ಲದೆ ಹತ್ತಿದೆವು. 97 ಮೀಟರ್ ಎತ್ತರದ ಆ ಕಟ್ಟೆಯಿಂದ ರೈನ್ ನದಿಯೂ ಅದರ ಸೇತುವೆಗಳೂ ಚೆನ್ನಾಗಿಯೇ ಕಂಡಿರಬೇಕು. ನನಗೆ ಹೆಚ್ಚು ನೆನಪಿಲ್ಲ.

ಜೂನ್ ಮೊದಲ ವಾರ ಪ್ಯಾರಿಸ್ ತಲುಪಿದೆವು. ಏಪ್ರಿಲ್ 15ರಂದು ನೋತ್ರ್ ದಾಮ್ ಕೆಥೆಡ್ರಲ್ಲಿಗೆ ಬೆಂಕಿ ಬಿದ್ದದ್ದನ್ನು ಗೊಟ್ಟಿಗೆರೆಯ ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದ್ದೆವು. ಮುಂದಿನ ಅಂಗಳವನ್ನು ಮುಚ್ಚಿದ್ದರಿಂದ ಸೇನ್ ನದಿಯ ಆಚೆ ದಡದಿಂದಲೇ ನೋಡಬೇಕಾಯಿತು. ಎರಡು ಗೋಪುರಗಳು ಹಾಗೆಯೇ ಇದ್ದವು; ಅವುಗಳ ಹಿಂದೆ ಮಾಡು ಇರಬೇಕಾದ ಜಾಗದಲ್ಲಿ ಬರಿಯ ಆಕಾಶ. ಮಧ್ಯಯುಗದ ಓಕ್ ಮರದ ತೊಲೆಗಳಿಂದ ಕಟ್ಟಿದ್ದ ಆ ಮಾಡಿನ ಒಳಗೂಡಿಗೆ ಅಲ್ಲಿನವರು 'ಕಾಡು' ಎಂದೇ ಹೆಸರಿಟ್ಟಿದ್ದರು. ಆ ಕಾಡು ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಪಕ್ಕದ ತಗ್ಗಿನ ಮಾಡಿನ ಮೇಲೆ ಸಾಕಿದ್ದ ಜೇನುಹುಳುಗಳು ಮಾತ್ರ ಬದುಕಿ ಉಳಿದವಂತೆ. ಶ್ರೀಮತಿಯವರು ಸೇತುವೆಯ ಮೇಲೆ ಕೈಮುಗಿದು ನಿಂತು, "ರೀ, ಯಾರ ದೇವರ ಮನೆಯಾದರೇನು, ಸುಟ್ಟದ್ದನ್ನು ನೋಡಲಾಗುವುದಿಲ್ಲ" ಎಂದರು. ಐದು ವರ್ಷಗಳ ದುರಸ್ತಿಯ ನಂತರ 2024ರ ಡಿಸೆಂಬರಿನಲ್ಲಿ ಅದರ ಬಾಗಿಲು ಮತ್ತೆ ತೆರೆದ ದಿನ, ಸುದ್ದಿಯನ್ನು ನನಗಿಂತ ಮೊದಲು ತಿಳಿದು ಅಡುಗೆಮನೆಯಿಂದ ಕೂಗಿ ಹೇಳಿದವರೂ ಅವರೇ.

ಬಾರ್ಸಿಲೋನಾದಲ್ಲಿ ನಿಜವಾದ ಕೆಥೆಡ್ರಲ್ ಹಳೆಯ ಪೇಟೆಯಲ್ಲಿದೆ. ಅದರ ಒಳಾಂಗಣದ ಕೊಳದಲ್ಲಿ ಹದಿಮೂರು ಬಿಳಿ ಬಾತುಗಳನ್ನು ಸಾಕಿದ್ದಾರೆ. ಹದಿಮೂರರ ಹರೆಯದಲ್ಲಿ ಪ್ರಾಣ ತೆತ್ತ ಸಂತ ಯುಲಾಲಿಯಾಳ ನೆನಪಿಗೆ ಆ ಸಂಖ್ಯೆ. ಮೊಮ್ಮಗಳಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಆ ಬಾತುಗಳು ಮಾತ್ರ. ಆದರೆ ಜನ ಸಾಲುಗಟ್ಟುವುದು ಸಗ್ರಾದಾ ಫಮೀಲಿಯಾಕ್ಕೆ. ಅದು ಕೆಥೆಡ್ರಲ್ ಅಲ್ಲ, ಬೆಸಿಲಿಕಾ. 1882ರಲ್ಲಿ ಆರಂಭ, ಮರುವರ್ಷ ಆಂಟೋನಿ ಗೌಡಿ ಎಂಬ ವಾಸ್ತುಶಿಲ್ಪಿ ಹೊಣೆ ಹೊತ್ತು, ಜೀವನದ ಉಳಿದ ನಲವತ್ತಮೂರು ವರ್ಷಗಳನ್ನು ಅದಕ್ಕೇ ಧಾರೆಯೆರೆದ. 1926ರ ಜೂನಿನಲ್ಲಿ ಟ್ರಾಮ್ ಬಡಿದು ಬಿದ್ದವನನ್ನು ಅವನ ಹರಕು ಬಟ್ಟೆಯಿಂದಾಗಿ ಭಿಕ್ಷುಕನೆಂದೇ ಜನ ತಿಳಿದರಂತೆ. ತಾನು ಮುಗಿದದ್ದನ್ನು ಕಾಣುವುದಿಲ್ಲವೆಂದು ಗೊತ್ತಿದ್ದೇ ಕಟ್ಟಿದವನು ಅವನು.

ಒಳಗಿನ ಕಂಬಗಳು ಮರದ ಕಾಂಡಗಳಂತೆ ಮೇಲೇರಿ ಕೊಂಬೆಯೊಡೆದು ಸೂರನ್ನು ಹೊರುತ್ತವೆ. ನೆಲಮಾಳಿಗೆಯ ಸಂಗ್ರಹಾಲಯದಲ್ಲಿ ದಾರಗಳಿಗೆ ಪುಟ್ಟ ತೂಕದ ಚೀಲಗಳನ್ನು ಕಟ್ಟಿ ತಲೆಕೆಳಗಾಗಿ ನೇತುಬಿಟ್ಟ ಒಂದು ಮಾದರಿಯಿತ್ತು. ನನಗೆ ಅರ್ಥವಾಗಲಿಲ್ಲ. ಮಗ ನನ್ನ ಕನ್ನಡಕದ ದಾರವನ್ನು ಬಿಚ್ಚಿ, ಎರಡು ತುದಿ ಹಿಡಿದು ಜೋತುಬಿಟ್ಟ. "ಇದು ತಾನಾಗಿಯೇ ಹಿಡಿದ ಆಕಾರ ನೋಡಪ್ಪ. ದಾರದಲ್ಲಿ ಬರೀ ಎಳೆತ ಇದೆ. ಇದನ್ನ ಹಾಗೇ ತಲೆಕೆಳಗು ಮಾಡಿ ಕಲ್ಲಲ್ಲಿ ಕಟ್ಟಿದರೆ ಬರೀ ಒತ್ತಡ ಇರುತ್ತೆ. ಕಲ್ಲಿಗೆ ಒತ್ತಡ ತಡೆಯೋದು ಸುಲಭ." ಮೂವತ್ತು ವರ್ಷ ಪಾಠ ಮಾಡಿದ ನಾನು ಅಷ್ಟು ಸರಳವಾಗಿ, ಕೈಯಲ್ಲಿದ್ದ ವಸ್ತುವಿನಿಂದಲೇ, ಒಂದು ವಿಷಯವನ್ನು ಯಾರಿಗೂ ತಿಳಿಸಿಕೊಟ್ಟ ನೆನಪಿಲ್ಲ. ಕನ್ನಡಕವನ್ನು ಮತ್ತೆ ದಾರಕ್ಕೆ ಸಿಕ್ಕಿಸಿಕೊಳ್ಳುವ ನೆಪದಲ್ಲಿ ಮುಖ ಒರೆಸಿಕೊಂಡೆ.

ಬೆಂಗಳೂರಿನವರಿಗೆ ಇಷ್ಟವಾಗುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾವು ಅಲ್ಲಿಗೆ ಹೋದ ಆ ಜೂನ್ ತಿಂಗಳಿನಲ್ಲೇ ಬಾರ್ಸಿಲೋನಾ ನಗರಾಡಳಿತ ಆ ಚರ್ಚಿಗೆ ಕಟ್ಟಡ ಪರವಾನಗಿ ನೀಡಿತು. 1885ರಲ್ಲಿ ಸಲ್ಲಿಸಿದ್ದ ಅರ್ಜಿಗೆ ಯಾರೂ ಉತ್ತರಿಸಿರಲಿಲ್ಲವಂತೆ! 137 ವರ್ಷ ಪರವಾನಗಿಯಿಲ್ಲದೆ ಎದ್ದ ಕಟ್ಟಡವನ್ನು 46 ಲಕ್ಷ ಯೂರೋ ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸಿದರು. ಬಿ ಖಾತೆಯ ಚಿಂತೆಯಲ್ಲಿ ನಿದ್ದೆಗೆಟ್ಟ ನಮ್ಮ ಬಡಾವಣೆಯವರಿಗೆ ಈ ಸುದ್ದಿ ಹೇಳಿದಾಗ ಅವರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. 2025ರ ಅಕ್ಟೋಬರಿನಲ್ಲಿ ಅದರ ನಡುಗೋಪುರ ಜರ್ಮನಿಯ ಉಲ್ಮ್ ಚರ್ಚನ್ನು ಮೀರಿಸಿ, ಜಗತ್ತಿನ ಅತಿ ಎತ್ತರದ ಚರ್ಚೆಂಬ ಹೆಸರನ್ನೂ ಗಳಿಸಿತು.

ಮರುದಿನ ಹಡಗು ಹತ್ತಿದೆವು. ಹಡಗಿನ ಏಳು ದಿನಗಳ ವೈಭವ, ಈಜುಕೊಳ, ಹೊತ್ತುಹೊತ್ತಿಗೂ ಊಟ, ಅದರ ನಡುವೆಯೂ ಹುಳಿಯವಲಕ್ಕಿಗೆ ಬಂದ ಬೇಡಿಕೆ, ಇವನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ನೆನಪಿನಲ್ಲಿ ಉಳಿದದ್ದು ಹೊರಡುವ ಸಂಜೆ. ಮೇಲಂತಸ್ತಿನ ಕಟಕಟೆಗೆ ಒರಗಿ ಮಗ ಊರನ್ನು ನೋಡುತ್ತಿದ್ದ. ನಾನು ಪಕ್ಕದಲ್ಲಿ ನಿಂತು, "ನಮ್ಮ ಮನೆಯ ಮೇಲಿನ ಮಹಡಿಗೆ ಒಂದು ನಕ್ಷೆ ಬರೆದುಕೊಡುತ್ತೀಯೇನಪ್ಪ?" ಎಂದು ಕೇಳಿದೆ. ಅವನು ನನ್ನ ಕಡೆ ತಿರುಗಿ, "ಮೇಸ್ತ್ರಿ ಸಾಕಲ್ವಾ ಅಪ್ಪ?" ಎಂದ. ನಾನು ತಲೆ ತಗ್ಗಿಸಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಹಡಗು ಕೂಗಿತು.

ಊರಿಗೆ ಮರಳಿದ ಮೇಲೆ ಅಟ್ಟದ ಮೇಲಿನ ಕಬ್ಬಿಣದ ಟ್ರಂಕುಗಳನ್ನು ಮೂರು ದಿನ ಜಾಲಾಡಿದೆ. ಶಾಲಾ ಪ್ರವಾಸಗಳ ಲೆಕ್ಕದ ಕಾಗದಗಳನ್ನು, ಯಾವ ಇನ್‌ಸ್ಪೆಕ್ಟರು ಯಾವಾಗ ಕೇಳುತ್ತಾರೋ ಎಂಬ ಭಯದಿಂದ, ನಾನು ಎಂದೂ ಎಸೆದವನಲ್ಲ. 1996ರ ಕಡತದಲ್ಲಿ ಒಂದು ಹಾಳೆ ಸಿಕ್ಕಿತು. ಒಂದು ಬದಿಯಲ್ಲಿ ನನ್ನ ಕೈಬರಹ: ಬಸ್ಸಿನ ಬಾಡಿಗೆ, ಮೃಗಾಲಯದ ಟಿಕೆಟ್ಟು, ಬಾಳೆಹಣ್ಣು, ಬನ್ನು. ಅಂದು ಬಸ್ಸಿನಲ್ಲಿ ಲೆಕ್ಕ ಬರೆಯಲು ಕೈಗೆ ಸಿಕ್ಕಿದ ಕಾಗದ ಅದು. ತಿರುಗಿಸಿದರೆ ಮೈಸೂರಿನ ಚರ್ಚು. ಒಂದು ಗೋಪುರ ತುದಿಯ ಶಿಲುಬೆಯವರೆಗೂ ಇದೆ. ಇನ್ನೊಂದು ಅರ್ಧಕ್ಕೆ ನಿಂತಿದೆ.

ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಜರ್ಮನಿಗೆ ಕಳುಹಿಸಿದೆ. ಜೊತೆಗೆ ಒಂದೇ ಸಾಲು ಬರೆದಿದ್ದೆ: "ಕಲೋನಿನದು 340 ಅಡಿ ಹೆಚ್ಚು ಎತ್ತರ." ಮಗನಿಂದ ಆ ಬಗ್ಗೆ ಫೋನು ಬರಲಿಲ್ಲ. ಎರಡು ತಿಂಗಳ ಮೇಲೆ ಮಹಡಿಯ ನಕ್ಷೆ ಬಂದಿತು. ಪೂರ್ವಕ್ಕೆ ಅಮ್ಮನ ತುಳಸಿಕಟ್ಟೆಗೆ ಬೆಳಕು, ಪಶ್ಚಿಮಕ್ಕೆ ನನ್ನ ಪುಸ್ತಕಗಳಿಗೆ ಒಂದು ಕೋಣೆ, ಅದರ ಕಿಟಕಿಗೆ ಚೂಪು ಕಮಾನು. ಆಮೇಲೆ ಕೋವಿಡ್ ಬಂತು, ಶ್ರೀಮತಿಯವರ ಮಂಡಿಯ ಶಸ್ತ್ರಚಿಕಿತ್ಸೆ ಬಂತು, ಸಿಮೆಂಟಿನ ಬೆಲೆ ಏರಿತು. ಮಹಡಿ ಇನ್ನೂ ಎದ್ದಿಲ್ಲ. ನಕ್ಷೆಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಬಂದವರಿಗೆಲ್ಲ ತೋರಿಸಿ, ಮಗ ಬರೆದದ್ದೆಂದು ಹೇಳುತ್ತೇನೆ. ಮಳೆಗಾಲಕ್ಕೆ ಮುನ್ನ ಕಂಬಿಗಳು ತುಕ್ಕು ಹಿಡಿಯದಂತೆ ಸಿಮೆಂಟಿನ ಹಾಲು ಹಚ್ಚಿಸುವುದನ್ನು ಮಾತ್ರ ಯಾವ ವರ್ಷವೂ ಮರೆತಿಲ್ಲ.